33ನೇ ವಾರ, ಅಂಗೈ ಅಂಗಾಲು ತುರಿಕೆ, ಗುಳ್ಳೆ ಮಾತ್ರ ಇಲ್ಲ

ಪ್ರಶ್ನೆ: ನಮಸ್ತೆ ಮೇಡಂ. ತಂಗಿಗೆ ಚೊಚ್ಚಲ ಬಸಿರು, 33 ವಾರ. ಹತ್ತು ದಿನದಿಂದ ಅಂಗೈ, ಅಂಗಾಲು ವಿಪರೀತ ತುರಿಕೆ. ರಾತ್ರಿಯಂತೂ ಬಾಚಣಿಗೆ ಹಿಡಿದು ಕೆರೆದುಕೊಳ್ಳುತ್ತಾಳೆ. ಕೆರೆದ ಗೀರು ಬಿಟ್ಟರೆ ಮೈಮೇಲೆ ಒಂದು ಗುಳ್ಳೆಯೂ ಇಲ್ಲ. ಪಿತ್ತದ ಗಂಧೆ, ಹೆರಿಗೆಯಾದರೆ ಹೋಗುತ್ತೆ ಅಂತಾರೆ ಮನೇಲಿ. ಮೆಡಿಕಲ್ ಶಾಪಿನವರು ಒಂದು ಟ್ಯೂಬ್ ಕೊಟ್ಟಿದ್ದಾರೆ. ಹಚ್ಚಬಹುದಾ?

ಉತ್ತರ (ಚರ್ಮರೋಗ ತಜ್ಞೆ): ಟ್ಯೂಬ್ ಪಕ್ಕಕ್ಕಿಡಿ, ನಾಳೆಯೇ ರಕ್ತ ಪರೀಕ್ಷೆ ಮಾಡಿಸಿ. ಗಂಧೆಯಾಗಿದ್ದರೆ ಚರ್ಮ ದದ್ದುದದ್ದಾಗಿ ಏಳಬೇಕು, ಕೆಲವು ಗಂಟೆಯಲ್ಲಿ ಒಂದು ಕಡೆ ಇಳಿದು ಇನ್ನೊಂದು ಕಡೆ ಕಾಣಿಸಬೇಕು. ದದ್ದೇ ಇಲ್ಲದೆ ಅಂಗೈ ಅಂಗಾಲಿನಲ್ಲಿ ಶುರುವಾಗಿ ರಾತ್ರಿ ಹೆಚ್ಚುವ ತುರಿಕೆ ಅಂದರೆ ನಾವು ಮೊದಲು ಅನುಮಾನಪಡುವುದು ಲಿವರನ್ನು. ಬಸುರಿನ ಹಾರ್ಮೋನುಗಳ ಪ್ರಭಾವದಿಂದ ಪಿತ್ತರಸ ಕರುಳಿಗೆ ಸರಾಗವಾಗಿ ಇಳಿಯದೆ ಅದರ ಆಮ್ಲಗಳು ರಕ್ತದಲ್ಲಿ ಉಳಿದುಬಿಡುತ್ತವೆ. ಇದೇ ಗರ್ಭಿಣಿಯರ ಕೊಲೆಸ್ಟಾಸಿಸ್. ತಾಯಿಗೆ ಮುಖ್ಯವಾಗಿ ತುರಿಕೆಯ ಕಾಟ. ಆಮ್ಲದ ಮಟ್ಟ ತೀರಾ ಏರಿದರೆ ಮಗುವಿನ ಜೀವಕ್ಕೇ ಅಪಾಯ.

ಲ್ಯಾಬಿನಲ್ಲಿ ಎರಡು ಪರೀಕ್ಷೆ ಕೇಳಿ: ಸೀರಮ್ ಬೈಲ್ ಆಸಿಡ್ (ರಕ್ತದಲ್ಲಿರುವ ಪಿತ್ತರಸದ ಆಮ್ಲ) ಮತ್ತು ಎಲ್‌ಎಫ್‌ಟಿ (ಲಿವರ್ ಕೆಲಸದ ಪರೀಕ್ಷೆ). ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಎಲ್‌ಎಫ್‌ಟಿ ಒಂದನ್ನೇ ಮಾಡಿಸಿ ಸುಮ್ಮನಾಗಬೇಡಿ. ಅದರಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಿದ್ದರೆ ಗಾಬರಿ ಬೇಡ, ಬಸುರಿನಲ್ಲಿ ಅದು ಮಾಸಿನಿಂದಲೂ (ಪ್ಲಸೆಂಟಾ) ಬರುತ್ತದೆ. ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಲಿವರ್ ಕಿಣ್ವಗಳನ್ನು ನೋಡಬೇಕು. ಕಣ್ಣು ಹಳದಿಯಾಗಿಲ್ಲ ಎಂಬ ಸಮಾಧಾನವೂ ಬೇಡ, ಈ ತೊಂದರೆಯಲ್ಲಿ ಬಹಳ ಜನಕ್ಕೆ ಕಾಮಾಲೆ ಬರುವುದೇ ಇಲ್ಲ. ರಿಪೋರ್ಟ್ ನಾರ್ಮಲ್ ಬಂದೂ ತುರಿಕೆ ನಿಲ್ಲದಿದ್ದರೆ ಒಂದೆರಡು ವಾರದೊಳಗೆ ಮತ್ತೆ ಮಾಡಿಸಿ. ಎಷ್ಟೋ ಸಲ ತುರಿಕೆ ಮೊದಲು ಬರುತ್ತದೆ, ರಕ್ತದಲ್ಲಿ ಆಮೇಲೆ ಕಾಣುತ್ತದೆ.

ಮರುಪ್ರಶ್ನೆ: ರಿಪೋರ್ಟ್ ಬಂತು ಮೇಡಂ. ಬೈಲ್ ಆಸಿಡ್ 46, ಎಸ್‌ಜಿಪಿಟಿ 118. ಈಗಲೇ ಹೆರಿಗೆ ಮಾಡಿಸಬೇಕಾ?

ಉತ್ತರ (ಪ್ರಸೂತಿ ತಜ್ಞೆ): ಈಗಲೇ ಬೇಡ. ಬೈಲ್ ಆಸಿಡ್ 19ರಿಂದ 39 ಇದ್ದರೆ ಸೌಮ್ಯ, 40ರಿಂದ 99 ಮಧ್ಯಮ, 100 ದಾಟಿದರೆ ತೀವ್ರ. ತಂಗಿಯ ಮಟ್ಟದಲ್ಲಿ, ಅವಳಿ, ಸಕ್ಕರೆ, ಬಿಪಿ ಯಾವುದೂ ಇಲ್ಲದಿದ್ದರೆ, ಸುಮಾರು 38 ವಾರದವರೆಗೆ ಮಗುವಿಗೆ ಉಳಿದ ಬಸುರಿಯರಿಗಿಂತ ಹೆಚ್ಚಿನ ಅಪಾಯವಿಲ್ಲ. ಹಾಗಾಗಿ 38–39 ವಾರಕ್ಕೆ ಹೆರಿಗೆ ಯೋಜಿಸುತ್ತೇವೆ. 100 ದಾಟಿದರೆ 35–36 ವಾರಕ್ಕೇ. ಈ ಸಂಖ್ಯೆ ಬೇಗ ಏರಬಹುದು, ಅದಕ್ಕೇ ವಾರಕ್ಕೊಮ್ಮೆ ರಕ್ತ ಕೊಡಿಸಿ. ಹೆಪಟೈಟಿಸ್ ಪರೀಕ್ಷೆ, ಪಿತ್ತಕೋಶದ ಸ್ಕ್ಯಾನ್ ಆಗಿದೆಯಾ ಕೇಳಿಕೊಳ್ಳಿ.

ಅರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆಯನ್ನು ಕೆಜಿಗೆ 10–15 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. 60 ಕೆಜಿ ಇದ್ದರೆ ದಿನಕ್ಕೆ 600–900 ಮಿಲಿಗ್ರಾಂ, ಎರಡು ಮೂರು ಹೊತ್ತಿಗೆ ಹಂಚಿ. ಬರೆಯಬೇಕಾದವರು ನಿಮ್ಮ ಡಾಕ್ಟರೇ. ಅದರಿಂದ ತುರಿಕೆ ಒಂದಿಷ್ಟು ಇಳಿಯಬಹುದು, ಅಷ್ಟೇ. 2019ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಮಗುವಿಗೆ ಅದರಿಂದ ರಕ್ಷಣೆ ಸಿಕ್ಕಿದ್ದು ಕಾಣಲಿಲ್ಲ. ಮಾತ್ರೆ ನುಂಗುತ್ತಿದ್ದಾಳೆ ಅಂತ ರಕ್ತ ಪರೀಕ್ಷೆ ತಪ್ಪಿಸಬೇಡಿ. ಮಗುವಿನ ಒದೆತ ಕಡಿಮೆ ಅನ್ನಿಸಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅನ್ನಬೇಡಿ. ತಾಯಿ ಕಾರ್ಡಿನಲ್ಲಿ ಇದನ್ನು ಬರೆಸಿಡಿ, ಮುಂದಿನ ಬಸುರಿನಲ್ಲೂ ಮರುಕಳಿಸುವ ಸಂಭವ ಜಾಸ್ತಿ.

ಇನ್ನೊಬ್ಬರ ಪ್ರಶ್ನೆ: ನನಗೆ 36 ವಾರ. ಹೊಟ್ಟೆಯ ಸ್ಟ್ರೆಚ್ ಮಾರ್ಕ್ ಮೇಲೆಲ್ಲ ಕೆಂಪು ಗುಳ್ಳೆ, ತುರಿಕೆ. ನನಗೂ ಲಿವರ್ ತೊಂದರೆನಾ?

ಉತ್ತರ (ಚರ್ಮರೋಗ ತಜ್ಞೆ): ಹಾಗನ್ನಿಸುತ್ತಿಲ್ಲ. ಕನ್ನಡಿ ಮುಂದೆ ನಿಂತು ಹೊಕ್ಕುಳ ನೋಡಿಕೊಳ್ಳಿ. ಗುಳ್ಳೆಗಳು ಗೆರೆಗಳನ್ನು ಹಿಡಿದುಕೊಂಡು ತೊಡೆಯ ಕಡೆಗೆ ಇಳಿದಿವೆ, ಹೊಕ್ಕುಳ ಮತ್ತು ಅದರ ಸುತ್ತ ಮಾತ್ರ ಚರ್ಮ ಸ್ವಚ್ಛ ಅಂತಾದರೆ ಅದು ಪಿಇಪಿ ಎಂಬ ಬಸುರಿನ ಚರ್ಮದ ತೊಂದರೆ. ಚೊಚ್ಚಲ ಬಸುರಿನಲ್ಲಿ, ಅವಳಿ ಇದ್ದಾಗ ಹೆಚ್ಚು. ಮಗುವಿಗೆ ಏನೂ ಆಗುವುದಿಲ್ಲ, ಹೆರಿಗೆಯ ಆಸುಪಾಸು ಕೆಲವು ವಾರಗಳಲ್ಲಿ ಕಲೆಯಿಲ್ಲದೆ ಹೋಗುತ್ತದೆ. ಹೊಕ್ಕುಳದಿಂದಲೇ ಶುರುವಾಗಿ, ಒಳಗೆ ನೀರು ತುಂಬಿ ಬಿಗಿದ ಬೊಕ್ಕೆಗಳು ಎದ್ದರೆ ಪೆಂಫಿಗಾಯ್ಡ್ ಎಂಬ ಅಪರೂಪದ ರೋಗವಿರಬಹುದು. ಅದಕ್ಕೆ ಚರ್ಮದ ಬಯಾಪ್ಸಿ ಬೇಕು, ಮಗುವಿನ ಬೆಳವಣಿಗೆಯ ಸ್ಕ್ಯಾನ್ ಬೇಕು.

ಪಿಇಪಿಗೆ ಡಾಕ್ಟರು ಹೇಳಿದ ಸೌಮ್ಯ ಸ್ಟೀರಾಯ್ಡ್ ಕ್ರೀಮ್ ಸಾಕು. ಅಳತೆ ಹೀಗೆ: ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಗಲಕ್ಕೆ ಅಷ್ಟು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಹಾಕಿಕೊಳ್ಳಿ, ಸುಡುಸುಡು ನೀರು ತುರಿಕೆಯನ್ನು ಕೆರಳಿಸುತ್ತದೆ. ಅಂಗಡಿಯಲ್ಲಿ ಕೇಳದೆಯೇ ಕೈಗಿಡುವ ಟ್ಯೂಬುಗಳಲ್ಲಿ ಎಷ್ಟೋ ಸಲ ಕ್ಲೊಬೆಟಸಾಲ್ ಜೊತೆ ಆಂಟಿಬಯಾಟಿಕ್, ಫಂಗಸ್ ಔಷಧಿ ಬೆರೆತಿರುತ್ತದೆ. ಕ್ಲೊಬೆಟಸಾಲ್ ಅತಿ ಪ್ರಬಲ ಸ್ಟೀರಾಯ್ಡ್. ಹೊಟ್ಟೆಯ ಮೇಲೆ ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಗೆರೆ ಇನ್ನಷ್ಟು ಅಗಲವಾಗುತ್ತದೆ. ತೊಡೆಸಂದಿಯ ಹುಳುಕಡ್ಡಿಗೆ ಹಚ್ಚಿದರೆ ಅದು ಮರೆಯಾದಂತೆ ಕಂಡು ಹರಡುತ್ತದೆ. ಬಸುರಿನಲ್ಲಿ ಹುಳುಕಡ್ಡಿಗೆ ಬರೀ ಕ್ಲೋಟ್ರಿಮಜೋಲ್ ಹಚ್ಚಬಹುದು.

ಜ್ವರ, ಸುಸ್ತಿನ ಜೊತೆ ತೊಡೆಸಂದಿ, ಕಂಕುಳಲ್ಲಿ ಕೆಂಪು ಚರ್ಮದ ಅಂಚಿಗೆ ಸಾಲುಸಾಲಾಗಿ ಕೀವುಗುಳ್ಳೆ ಎದ್ದರೆ ಅವತ್ತೇ ಅಡ್ಮಿಟ್ ಆಗಬೇಕು. ಅದರಲ್ಲಿ ಕ್ಯಾಲ್ಸಿಯಂ ಕುಸಿದು ಫಿಟ್ಸ್ ಕೂಡ ಬರಬಹುದು.