ನೊಬೆಲ್ ಊಟದ ಫಾರ್ವರ್ಡ್ ಮತ್ತು ನಮ್ಮ ಮನೆಯ ಗುಂಪು

ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಮದರ್ ತೆರೇಸಾ ಅವರ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ಬರಹ. "1979ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಪ್ರಶಸ್ತಿಯನ್ನೇ ತಿರಸ್ಕರಿಸಿ, ಔತಣದ ಹಣ ಬಡವರಿಗೆ ಕೊಡಿ ಎಂದ ಮಹಾತಾಯಿ! ನಾವೋ ಒಂದು ದಿನದ ಆಡಂಬರಕ್ಕೆ ಲಕ್ಷ ಲಕ್ಷ ಸುರಿಯುತ್ತೇವೆ. ಹತ್ತು ಜನಕ್ಕೆ ಕಳಿಸಿ." ಚಿಕ್ಕಪ್ಪ ತಮ್ಮದಾಗಿ ಸೇರಿಸಿದ್ದು ಒಂದೇ ಸಾಲು: "ಯೋಚನೆ ಮಾಡಬೇಕಾದ ವಿಷಯ."

ಮುಂದಿನ ತಿಂಗಳು ದೊಡ್ಡಪ್ಪನಿಗೆ ಎಪ್ಪತ್ತು ತುಂಬುತ್ತದೆ. ಭೀಮರಥ ಶಾಂತಿ ಇಟ್ಟುಕೊಂಡಿದ್ದಾರೆ. ಛತ್ರ, ಅಡುಗೆಯವರು, ಕರೆಯೋಲೆ ಎಲ್ಲಾ ಅತ್ತೆಯದೇ ಉಸ್ತುವಾರಿ. ಹಾಗಾಗಿ ಫಾರ್ವರ್ಡ್ ಯಾರ ಕಡೆ ನೋಡುತ್ತಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡಮ್ಮ ಕೈಮುಗಿದ ಚಿತ್ರ ಹಾಕಿದರು. ಮಾವ ಗುಲಾಬಿ ಹೂವಿನ ಜೊತೆ ಶುಭೋದಯ ಕಳಿಸಿದರು. ಆಮೇಲೆ ಶುರುವಾಯಿತು.

ಅತ್ತೆ: ಇದು ಯಾರಿಗೆ ಹೇಳಿದ್ದು ಅಂತ ನನಗೆ ಗೊತ್ತಾಗುತ್ತೆ.

ಚಿಕ್ಕಪ್ಪ: ಯಾರಿಗೂ ಅಲ್ಲ ಅಕ್ಕ. ಬಂತು, ಸುಮ್ನೆ ಕಳಿಸಿದೆ.

ಅತ್ತೆ: ನನ್ನ ಮಗಳ ಮದುವೆ ಆದಾಗಿನಿಂದ ನಿನಗೆ ಇಂಥದ್ದೇ ಬರುತ್ತಿರುತ್ತೆ, ಅಲ್ವಾ?

ಅಣ್ಣ (ದೊಡ್ಡಪ್ಪನ ಮಗ): ಇದರ ಮೂಲ ಎಲ್ಲಿದೆ? ಶಾಂತಿ ಪ್ರಶಸ್ತಿ ಕೊಡುವುದು ಓಸ್ಲೋದಲ್ಲಿ, ಸ್ಟಾಕ್‌ಹೋಮ್‌ನಲ್ಲಲ್ಲ. ಮೊದಲ ಸಾಲೇ ತಪ್ಪು.

ದೊಡ್ಡಪ್ಪ: ಊರು ಯಾವುದಾದರೇನು ಮಗಾ, ತತ್ವ ಮುಖ್ಯ. ತ್ಯಾಗ ಅಂದರೆ ಏನು ಅಂತ ಈಗಿನವರಿಗೆ ಗೊತ್ತೇ ಇಲ್ಲ.

ಅಣ್ಣ: ಸುಳ್ಳಿನ ಮೇಲೆ ಯಾವ ತತ್ವವೂ ನಿಲ್ಲಲ್ಲ ಅಪ್ಪ. ಅವರು ಪ್ರಶಸ್ತಿ ಬೇಡ ಅನ್ನಲಿಲ್ಲ. ಶಾಂತಿ ನೊಬೆಲ್ ಬೇಡ ಅಂದವರು ವಿಯೆಟ್ನಾಂನ ಲೆ ಡುಕ್ ಥೋ, 1973ರಲ್ಲಿ. ತೆರೇಸಾ ಅವರು 1962ರಲ್ಲಿ ಪದ್ಮಶ್ರೀ ತಗೊಂಡರು, ಅದೇ ವರ್ಷ ಮ್ಯಾಗ್ಸೆಸೆ. 1980ರಲ್ಲಿ ಭಾರತ ರತ್ನ. 1981ರಲ್ಲಿ ಹೈಟಿಯ ಸರ್ವಾಧಿಕಾರಿ ಡುವಾಲಿಯರ್ ಕಾಲದಲ್ಲಿ ಅಲ್ಲಿನ ಗೌರವವನ್ನೂ ತಗೊಂಡರು.

ಚಿಕ್ಕಮ್ಮ: ನಿನಗೆ ಎಲ್ಲದರಲ್ಲೂ ತಪ್ಪೇ ಕಾಣುತ್ತೆ. ಅಜ್ಜಿಯ ತಿಥಿಯ ದಿನವೂ ಭಟ್ಟರ ಜೊತೆ ಹೀಗೇ ವಾದಕ್ಕೆ ನಿಂತಿದ್ದೆ.

ಭಾವ (ಅತ್ತೆಯ ಮಗ): ಮದರ್ ತೆರೇಸಾ ಅಂದ ಕೂಡಲೇ ನನ್ನ ಸ್ಟ್ಯಾಂಪ್ ಆಲ್ಬಮ್ ನೆನಪಾಯಿತು! 1980ರಲ್ಲಿ ಬಂದ ಸ್ಟ್ಯಾಂಪು. ಅಜ್ಜಿ ಮನೆಗೆ ಬಂದ ಲಕೋಟೆಯಿಂದ ನೀರಲ್ಲಿ ನೆನೆಸಿ ಬಿಡಿಸಿದ್ದೆ. ಆ ಆಲ್ಬಮ್ ಯಾರ ಹತ್ತಿರ ಇದೆ?

ಚಿಕ್ಕಮ್ಮ: ಅಟ್ಟದ ಪೆಟ್ಟಿಗೆಯಲ್ಲಿ ಇರಬೇಕು. ಮನೆ ಭಾಗ ಆದಾಗ ಪೆಟ್ಟಿಗೆ ಯಾರು ತಗೊಂಡು ಹೋದರೋ ಅವರನ್ನೇ ಕೇಳು.

ಪೆಟ್ಟಿಗೆಯ ಮಾತು ತುಂಬಾ ಹೊತ್ತು ನಡೆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟರಲ್ಲಿ ದೊಡ್ಡಮ್ಮನ ತಮ್ಮ ಬಂದು "ಮತಾಂತರದ ಬಗ್ಗೆ ಯಾಕೆ ಯಾರೂ ಮಾತಾಡುವುದಿಲ್ಲ?" ಅಂತ ಕೇಳಿದರು. ದೊಡ್ಡಪ್ಪ "ಇಲ್ಲಿ ರಾಜಕೀಯ ಬೇಡ" ಅಂದರು. ಅಣ್ಣ ಮಾತ್ರ ಬಿಡಲಿಲ್ಲ. 1994ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಸಂಪಾದಕರು ಕೋಲ್ಕತ್ತದಲ್ಲಿ ತೆರೇಸಾ ಅವರು ನಡೆಸುತ್ತಿದ್ದ ಆಶ್ರಮವನ್ನು ನೋಡಿ ಬಂದು, ಸಾಯುವ ಸ್ಥಿತಿಯಲ್ಲಿದ್ದವರಿಗೆ ನೋವು ಕಡಿಮೆ ಮಾಡುವ ಔಷಧಿ ಸರಿಯಾಗಿ ಸಿಗುತ್ತಿಲ್ಲ ಅಂತ ಬರೆದಿದ್ದರು. ಅದನ್ನು ತಂದು ಹಾಕಿದ.

ಈ ಮಾತನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಆ ಆಶ್ರಮ, ಕಾಳಿಘಾಟ್‌ನ ನಿರ್ಮಲ್ ಹೃದಯ್, 1952ರಲ್ಲಿ ಶುರುವಾಗಿದ್ದೇ ಬೀದಿಯಲ್ಲಿ ಬಿದ್ದು ಸಾಯುತ್ತಿದ್ದವರಿಗೋಸ್ಕರ. ಅಂಥವರಿಗೆ ಹಾಸಿಗೆ ಕೊಟ್ಟಿದ್ದು ದೊಡ್ಡದು. ನೋವಿನಲ್ಲಿ ಬಿಟ್ಟಿದ್ದರೆ ಅದೂ ಸಣ್ಣ ತಪ್ಪಲ್ಲ. ದಾನದ ಹಣ ಎಲ್ಲಿಗೆ ಹೋಯಿತು, ಹೇಗೆ ಖರ್ಚಾಯಿತು ಅಂತ ಕೇಳಿದರೆ ಯಾರಿಗೂ ಅವಮಾನ ಆಗುವುದಿಲ್ಲ.

ಆದರೆ ಫಾರ್ವರ್ಡ್‌ನಲ್ಲಿದ್ದ ನಿಜ ಸಂಗತಿ ಯಾರಿಗೂ ಬೇಡವಾಗಿತ್ತು. ಅದಕ್ಕೇ ನಾನೂ ಬರೆದೆ:

"ಅಣ್ಣ ಹೇಳಿದ್ದು ಸರಿ, ಪ್ರಶಸ್ತಿ ತಗೊಂಡರು. 1979ರ ಡಿಸೆಂಬರ್ 10, ಓಸ್ಲೋ ವಿಶ್ವವಿದ್ಯಾಲಯದ ಸಭಾಂಗಣ. ಅವರು ಬೇಡ ಅಂದಿದ್ದು ಔತಣ ಒಂದನ್ನೇ. ಅದರ ಹಣ ಹಸಿದವರಿಗೆ ಹೋಗಲಿ ಅಂದರು, ಔತಣ ನಿಂತಿತು. ಆ ವರ್ಷದ ಪ್ರಶಸ್ತಿ ಮೊತ್ತ 8 ಲಕ್ಷ ಸ್ವೀಡಿಷ್ ಕ್ರೋನರ್. ಅದನ್ನೂ ಬಡವರಿಗೇ ಅಂದರು. ಮಾರನೇ ದಿನದ ಭಾಷಣದಲ್ಲಿ, ಹಸಿದವರು, ಬಟ್ಟೆ ಇಲ್ಲದವರು, ಮನೆ ಇಲ್ಲದವರು, ಕುಷ್ಠ ರೋಗಿಗಳು, ಯಾರಿಗೂ ಬೇಡವಾದವರು, ಅವರೆಲ್ಲರ ಹೆಸರಿನಲ್ಲಿ ಇದನ್ನು ತಗೊಳ್ಳುತ್ತೇನೆ ಅಂತ ಹೇಳಿದರು. ಪ್ರಶಸ್ತಿಯನ್ನೇ ಬೇಡ ಅಂದಿದ್ದರೆ ಹೆಸರು ಬರುತ್ತಿತ್ತು, ಹಣ ನೊಬೆಲ್‌ನವರ ಹತ್ತಿರವೇ ಉಳಿಯುತ್ತಿತ್ತು. 1964ರಲ್ಲೂ ಹೀಗೇ ಮಾಡಿದ್ದರು. ಪೋಪ್ ಆರನೇ ಪಾಲ್ ಮುಂಬೈಗೆ ಬಂದವರು ತಾವು ಓಡಾಡಿದ ಬಿಳಿ ಲಿಂಕನ್ ಕಾರನ್ನು ಹೊರಡುವಾಗ ಇವರಿಗೆ ಕೊಟ್ಟು ಹೋದರು. ಇವರು ಕಾರು ವಾಪಸ್ ಕಳಿಸಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಲಾಟರಿ ಎತ್ತಿಸಿ, ಬಂದ ಹಣವನ್ನು ಕುಷ್ಠ ರೋಗಿಗಳ ವಸತಿಗೆ ಹಾಕಿದರು. ಗೌರವ ಸಿಕ್ಕರೆ ಅದನ್ನು ಅಕ್ಕಿ, ಔಷಧಿ, ಸೂರು ಮಾಡುವುದು ಅವರ ದಾರಿ. ನನಗೆ ತಿರಸ್ಕಾರಕ್ಕಿಂತ ಇದೇ ದೊಡ್ಡದಾಗಿ ಕಾಣುತ್ತೆ."

ದೊಡ್ಡಮ್ಮ ಮತ್ತೆ ಕೈಮುಗಿದರು. ಮಾವ "ಒಳ್ಳೆಯ ಮಾಹಿತಿ" ಅಂದರು. ಅವರು ಅದನ್ನು ಓದಿರಲಿಕ್ಕಿಲ್ಲ, ಅಷ್ಟು ಬೇಗ ಬಂತು ಉತ್ತರ. ಓದಿದವರು ಅತ್ತೆ.

ಅತ್ತೆ: ನೀನೂ ಅವನ ಕಡೆನೇನಾ?

ನಾನು: ಯಾರ ಕಡೆಯೂ ಅಲ್ಲ ಅತ್ತೆ.

ಅತ್ತೆ: ಸರಿ, ನನಗೊಂದು ಹೇಳು. ಆ ಓಸ್ಲೋ ಊಟಕ್ಕೆ ಬರುವವರು ಮನೆಯಲ್ಲಿ ಊಟ ಇಲ್ಲದವರಾ?

ನಾನು: ಅಲ್ಲ.

ಅತ್ತೆ: ಹಾಗಾದರೆ ನಿಲ್ಲಿಸಿದ್ದು ಸರಿ. ನಮ್ಮಲ್ಲಿ ಹಾಗಲ್ಲ. ಮನೆ ಬಾಗಿಲಿಗೆ ಬಂದವರು ಹಸಿದು ಹೋಗಬಾರದು ಅಂತ ನಮ್ಮಮ್ಮ ಹೇಳಿಕೊಟ್ಟಿದ್ದು. ನನ್ನ ಮಗಳ ಮದುವೆಯಲ್ಲಿ ಹೊಟ್ಟೆ ತುಂಬಾ ಉಂಡು, ಕೈ ತೊಳೆಯುವ ಜಾಗದಲ್ಲೇ ನಿಂತು "ಇಷ್ಟೆಲ್ಲಾ ಬೇಕಿತ್ತಾ" ಅಂದವನು ಇವನು. ನನಗೆ ಕೇಳಿಸಿತ್ತು.

ಚಿಕ್ಕಪ್ಪ ಸ್ವಲ್ಪ ಹೊತ್ತು ಟೈಪ್ ಮಾಡುತ್ತಲೇ ಇದ್ದರು. ನಿಂತಿತು, ಮತ್ತೆ ಶುರುವಾಯಿತು.

ಚಿಕ್ಕಪ್ಪ: ಅಂದೆ ಅಕ್ಕ, ಇಲ್ಲ ಅನ್ನಲ್ಲ. ಛತ್ರದ ಹಿಂದೆ ಎಲೆ ಎಸೆಯುವ ಡ್ರಮ್ಮು ನೋಡಿ ಬಂದಿದ್ದೆ. ಮಡಚಿದ ಎಲೆಗಳ ಒಳಗೆ ಹೋಳಿಗೆ ಇಡೀದಾಗಿ ಹಾಗೇ ಇತ್ತು, ಅದರ ಮೇಲೆ ಹಾಕಿದ ತುಪ್ಪ ಕೂಡ ಆರಿರಲಿಲ್ಲ. ಕಾಂಪೌಂಡಿನ ಆಚೆ ಎರಡು ಮಕ್ಕಳು ಪ್ಲಾಸ್ಟಿಕ್ ಚೀಲ ಹಿಡಿದು ಕಾಯುತ್ತಾ ನಿಂತಿದ್ದರು. ನಮ್ಮ ಬಾಗಿಲಿಗೂ ಜನ ಬಂದಿದ್ದರು, ಹಿಂದಿನ ಬಾಗಿಲಿಗೆ.

ಇದನ್ನು ಚಿಕ್ಕಪ್ಪ ಇಷ್ಟು ವರ್ಷ ಯಾರ ಹತ್ತಿರವೂ ಹೇಳಿರಲಿಲ್ಲ. ಮದುವೆಯ ದಿನವೇ ಹೇಳಬಹುದಿತ್ತು, ಅಡುಗೆ ಇನ್ನೂ ಬಿಸಿಯಾಗಿತ್ತು. ಇಂಥ ವಿಷಯಕ್ಕೆ ಫಾರ್ವರ್ಡ್‌ನ ಮರೆ ಬೇಕಾಗಿರಲಿಲ್ಲ.

ಗುಂಪಿನಲ್ಲಿ ಯಾರೂ ಮಾತಾಡಲಿಲ್ಲ. ಭಾವ ಒಬ್ಬ "ಆಲ್ಬಮ್ ಸಿಕ್ಕರೆ ಹೇಳಿ" ಅಂದ. ಸಂಜೆ ಹೊತ್ತಿಗೆ ಅತ್ತೆಯ ಮೆಸೇಜು ಬಂತು.

ಅತ್ತೆ: ಅಡುಗೆಯವರಿಗೆ ಮುನ್ನೂರು ಎಲೆ ಹೇಳಿದ್ದೇನೆ. ಕಡಿಮೆ ಮಾಡಲ್ಲ. ನಮ್ಮವರ ಪಟ್ಟಿಯಲ್ಲಿ ನೂರು ಹೆಸರು ಹೊಡೆದು ಹಾಕಿ. ಛತ್ರದ ಪಕ್ಕದ ಹಾಸ್ಟೆಲ್ ಮಕ್ಕಳನ್ನು ಕರೆಯೋಣ. ಮೊದಲ ಪಂಕ್ತಿಗೆ. ಎಲ್ಲರದೂ ಆದಮೇಲೆ ಉಳಿದಿದ್ದು ಬಡಿಸೋದಲ್ಲ.

ದೊಡ್ಡಪ್ಪ: ನನ್ನ ಆಫೀಸಿನ ಹಳೆಯ ಸ್ನೇಹಿತರು ಮೊದಲ ಪಂಕ್ತಿಗೇ ಬರುತ್ತಾರಲ್ಲಾ?

ಅತ್ತೆ: ಎರಡನೇ ಪಂಕ್ತಿಗೆ ಕೂರುತ್ತಾರೆ ಅಣ್ಣ. ತತ್ವ ಮುಖ್ಯ ಅಂದವನು ನೀನೇ.

ದೊಡ್ಡಪ್ಪ ಇನ್ನೂ ಉತ್ತರ ಕೊಟ್ಟಿಲ್ಲ. ಅಣ್ಣ ಮಾತ್ರ ಹಾಸ್ಟೆಲ್‌ನಲ್ಲಿ ನಿಜವಾಗಿ ಎಷ್ಟು ಮಕ್ಕಳಿದ್ದಾರೆ, ವಾರ್ಡನ್ ಒಪ್ಪಿಗೆ ಬೇಕಾ ಅಂತ ಕೇಳಿದ. ಈ ಸಲ ಅವನ ಪ್ರಶ್ನೆಗೆ ಯಾರೂ ಸಿಟ್ಟಾಗಲಿಲ್ಲ.

ಚಿಕ್ಕಪ್ಪ: ಬಡಿಸೋಕೆ ನಾನು ನಿಲ್ಲುತ್ತೇನೆ ಅಕ್ಕ.

ಅತ್ತೆ: ಪಲ್ಯ ಬಡಿಸು. ಹೋಳಿಗೆ ಮುಟ್ಟಬೇಡ, ನೀನು ಅರ್ಧ ಅರ್ಧ ಹಾಕುತ್ತೀಯ.