12 ವರ್ಷದ ಬೆಕ್ಕು ಉಗುರು ಮುಟ್ಟಲು ಬಿಡುತ್ತಿಲ್ಲ, ಮಗ್ಗದ ಎಳೆ ಹರಿಯುತ್ತಿವೆ

ಹಾಸುಹೊಕ್ಕು, ಇಳಕಲ್

ಎಲ್ಲರಿಗೂ ನಮಸ್ಕಾರ್ರೀ. ನಮ್ಮ ಮನೆಯಲ್ಲೇ ಮಗ್ಗ ಇದೆ. ಗಂಜಿ ಹಚ್ಚಿದ ನೂಲಿಗೆ ಇಲಿ ಬರುತ್ತವೆ ಅಂತ ಮೊದಲಿಂದಲೂ ಬೆಕ್ಕು ಸಾಕುತ್ತೇವೆ. ಈಗಿನದು ಚಂಪಿ, 12 ವರ್ಷದ ಹೆಣ್ಣು ಬೆಕ್ಕು. ಇಷ್ಟು ವರ್ಷ ಅದರ ಉಗುರಿನ ಕಡೆ ನಾವು ನೋಡಿದ್ದೇ ಇಲ್ಲ. ಎರಡು ತಿಂಗಳಿಂದ ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು) ಮೇಲೆ ಕಾಲಿಟ್ಟರೆ ಸಾಕು, ಉಗುರು ನೂಲಿಗೆ ಸಿಕ್ಕಿಕೊಳ್ಳುತ್ತದೆ. ಹೋದ ವಾರ ಕೆಂಪು ಸೆರಗಿನ ಎಳೆಗಳನ್ನು ಸೀರೆಯ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಿದ ಕಡೆಯೇ ಏಳೆಂಟು ಎಳೆ ಹರಿದವು. ಗಂಟು ಹಾಕುವುದರಲ್ಲಿ ಅರ್ಧ ದಿನ ಹೋಯಿತು.

ನಾನು ಗಟ್ಟಿಯಾಗಿ ಹಿಡಿದುಕೊಂಡೆ, ಮಗ ನೇಲ್ ಕಟರ್ ಹಾಕಿದ. ಎರಡನೇ ಉಗುರಿಗೇ ರಕ್ತ ಬಂತು. ಅವನ ಕೈಯನ್ನೂ ಪರಚಿತು. ಅವತ್ತಿನಿಂದ ಕಟರ್ ಇಟ್ಟ ಡಬ್ಬಿ ಸಪ್ಪಳಾದರೆ ಅಟ್ಟ ಏರಿ ಕೂರುತ್ತದೆ. ರಾತ್ರಿ ಫರಸಿ ಮೇಲೆ ನಡೆದರೆ ಟಕ್ ಟಕ್ ಅಂತ ಕೇಳುತ್ತದೆ. ಮುಂದಿನ ಎಡಗಾಲು ಸ್ವಲ್ಪ ಎತ್ತಿ ನಡೆಯುತ್ತದೆ. ನೋವಿಗೆ ಅರ್ಧ ಪ್ಯಾರಾಸಿಟಮಾಲ್ ಕೊಡು ಅಂತ ಅತ್ತೆ ಹೇಳುತ್ತಿದ್ದಾರೆ. ಕೊಡಬಹುದಾ?

ಗುಮ್ಮಟದ ನೆರಳು, ವಿಜಯಪುರ

ಅಕ್ಕಾರ, ಪ್ಯಾರಾಸಿಟಮಾಲ್ ಬೇಡವೇ ಬೇಡ. ಅರ್ಧವೂ ಬೇಡ, ಕಾಲೂ ಬೇಡ. ಬೆಕ್ಕಿನ ಲಿವರ್‌ಗೆ ಆ ಔಷಧವನ್ನು ಒಡೆದು ಹೊರಹಾಕಲು ಆಗುವುದಿಲ್ಲ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ಒಂದು ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ಅತ್ತೆಯವರಿಗೂ ಇವತ್ತೇ ಹೇಳಿಬಿಡಿ. ಗಾಯಕ್ಕೆ ಡೆಟಾಲ್ ಕೂಡ ಹಚ್ಚಬೇಡಿ, ನೆಕ್ಕಿದರೆ ಅದೂ ವಿಷವೇ.

ಮಗನಿಗೆ ಪರಚಿದ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದಿದ್ದಿರಾ? ಚಂಪಿಗೆ ರೇಬಿಸ್ ಲಸಿಕೆ ಆಗಿಲ್ಲವಾದರೆ ಅವನನ್ನು ಆಸ್ಪತ್ರೆಗೆ ತೋರಿಸಿ, ತಡ ಮಾಡಬೇಡಿ.

ಇನ್ನು ಆ ಟಕ್ ಟಕ್. ಬೆಕ್ಕು ನಡೆಯುವಾಗ ಮುಂಗಾಲಿನ ಉಗುರು ಒಳಗೆ ಮಡಚಿಕೊಂಡಿರುತ್ತದೆ, ಸಪ್ಪಳ ಬರಬಾರದು. ಉಗುರು ಈರುಳ್ಳಿ ಥರ ಪದರ ಪದರವಾಗಿ ಬೆಳೆಯುತ್ತದೆ. ವಯಸ್ಸಿನ ಬೆಕ್ಕು ಗೋಡೆ, ಮರ ಕೆರೆಯುವುದು ಕಡಿಮೆ. ಹಾಗಾಗಿ ಹಳೆಯ ಪದರ ಉದುರದೆ ಉಗುರು ದಪ್ಪವಾಗಿ ಹೊರಗೇ ನಿಲ್ಲುತ್ತದೆ. ನಿಮ್ಮ ಎಳೆ ಹರಿಯುತ್ತಿರುವುದೂ ಇದರಿಂದಲೇ ಇರಬೇಕು.

ಆದರೆ ಕುಂಟುವುದು ಬೇರೆ ಮಾತು. ಮುಂಗಾಲಿನ ಒಳಗಡೆ ಸ್ವಲ್ಪ ಮೇಲೆ ಹೆಬ್ಬೆರಳಿನ ಉಗುರು ಇರುತ್ತದೆ. ಅದು ನೆಲಕ್ಕೆ ತಾಗುವುದಿಲ್ಲ, ಸವೆಯುವುದೂ ಇಲ್ಲ. ಚಂಪಿ ನಿದ್ದೆಯಲ್ಲಿರುವಾಗ ಎಡಗಾಲಿನ ಆ ಉಗುರನ್ನು ಸುಮ್ನೆ ಬ್ಯಾಟರಿ ಬೆಳಕಲ್ಲಿ ನೋಡಿ. ಏನೂ ಕತ್ತರಿಸಬೇಡಿ. ನೋಡಿ ಬರೆಯಿರಿ.

ಹಾಸುಹೊಕ್ಕು, ಇಳಕಲ್

ನೋಡಿದೆ ಅಣ್ಣಾರ. ಬಳೆಯ ಹಾಗೆ ಸುತ್ತಿಕೊಂಡಿದೆ. ತುದಿ ಕಾಣುವುದೇ ಇಲ್ಲ, ಬೆರಳಿನ ಮೆತ್ತಗಿನ ಗದ್ದುಗೆಯೊಳಗೆ ಹೊಕ್ಕಿದೆ. ಸುತ್ತ ರಕ್ತ ಒಣಗಿದೆ, ವಾಸನೆಯೂ ಇದೆ. ದಿನಾ ತೊಡೆ ಮೇಲೆ ಮಲಗುವ ಜೀವ, ನನಗೆ ತಿಳಿಯಲೇ ಇಲ್ಲವಲ್ಲ. ನಾನೇ ಕತ್ತರಿಸಿ ತೆಗೆಯಲಾ?

ಗುಮ್ಮಟದ ನೆರಳು, ವಿಜಯಪುರ

ಬೇಡ ಅಕ್ಕಾರ. ಮಾಂಸದೊಳಗೆ ಹೊಕ್ಕ ಉಗುರು ಮನೆಯ ಕೆಲಸವಲ್ಲ. ನಾಳೆ ಬೆಳಿಗ್ಗೆಯೇ ಪಶು ವೈದ್ಯರ ಹತ್ತಿರ ಹೋಗಿ. ಕೀವು ಇದ್ದರೆ ಔಷಧ ಬೇಕಾಗುತ್ತದೆ. ತೂಕ ಇಳಿದಿದ್ದರೆ ಅದನ್ನೂ ಹೇಳಿ, ಮುದಿ ಬೆಕ್ಕುಗಳಲ್ಲಿ ಥೈರಾಯ್ಡ್ ಜಾಸ್ತಿಯಾದರೂ ಉಗುರು ದಪ್ಪವಾಗುತ್ತದೆ. ತಿಳಿಯಲಿಲ್ಲ ಅಂತ ನೊಂದುಕೊಳ್ಳಬೇಡಿ. ಬೆಕ್ಕು ನೋವು ಮುಚ್ಚಿಡುವ ಪ್ರಾಣಿ.

ಶಹಾಪುರದ ಅಕ್ಕ, ಬೆಳಗಾವಿ

ಉಳಿದ ಉಗುರುಗಳ ಬಗ್ಗೆ ನಾನು ಹೇಳುತ್ತೇನೆ. ನನ್ನ ಹತ್ತಿರ ಮೂರು ಬೆಕ್ಕಿವೆ, ಒಂದಕ್ಕೆ 14 ವರ್ಷ.

ಬೆಕ್ಕಿಗೆ ಮುಂದೆ ಐದೈದು, ಹಿಂದೆ ನಾಲ್ಕ್ನಾಲ್ಕು, ಒಟ್ಟು 18 ಉಗುರು. ಒಂದೇ ಸಲಕ್ಕೆ 18ನ್ನೂ ಮುಗಿಸಲು ಹೋದದ್ದೇ ತಪ್ಪಾಗಿದೆ. ಇಬ್ಬರು ಸೇರಿ ಹಿಡಿದದ್ದು ಇನ್ನೊಂದು ತಪ್ಪು. ದಿನಕ್ಕೆ ಒಂದೇ ಉಗುರು ಅಂತ ಇಟ್ಟುಕೊಳ್ಳಿ.

ಗಾಯ ಮಾಯುವ ತನಕ ಕತ್ತರಿಸುವ ಯೋಚನೆಯೇ ಬೇಡ. ಆಮೇಲೆ ಒಂದು ವಾರ ಬರೀ ಕಾಲು ಮುಟ್ಟಿ, ಬೆರಳನ್ನು ಮೆಲ್ಲಗೆ ಒತ್ತಿ ಉಗುರು ಹೊರಗೆ ತನ್ನಿ, ಬಿಟ್ಟುಬಿಡಿ. ಬಿಟ್ಟ ಕೂಡಲೇ ಒಂದು ಚೂರು ಕೆನೆಯೋ ಬೇಯಿಸಿದ ಮೊಟ್ಟೆಯೋ ಕೊಡಿ. ಹಳೆಯ ಡಬ್ಬಿ ಎಸೆಯಿರಿ, ಆ ಸಪ್ಪಳಕ್ಕೆ ಹೆದರಿಕೆ ಕೂತಿದೆ. ಬೆಕ್ಕಿಗಾಗಿ ಮಾಡಿದ ಸಣ್ಣ ಕತ್ತರಿ ಸಿಗುತ್ತದೆ, ಅದನ್ನು ತನ್ನಿ. ಮೊಂಡಾದ ಕಟರ್‌ನಲ್ಲಿ ಉಗುರು ಜಜ್ಜಿ ಸೀಳುತ್ತದೆ. ಕತ್ತರಿಯನ್ನು ಮೊದಲು ಅದು ಊಟ ಮಾಡುವ ಜಾಗದ ಹತ್ತಿರ ಇಡಿ, ಮೂಸಿ ನೋಡಲಿ.

ಉಗುರಿನೊಳಗೆ ಗುಲಾಬಿ ಬಣ್ಣದ ಭಾಗ ಕಾಣುತ್ತದಲ್ಲ, ಅಲ್ಲಿ ರಕ್ತನಾಳ, ನರ ಇರುತ್ತವೆ. ಅದಕ್ಕಿಂತ 2 ಮಿಲಿಮೀಟರ್ ಮುಂದೆ, ಕೊಕ್ಕೆಯಂಥ ತುದಿ ಮಾತ್ರ ಕತ್ತರಿಸಿ. ಕಿಟಕಿ ಬೆಳಕಿಗೆ ಹಿಡಿದರೆ ಚೆನ್ನಾಗಿ ಕಾಣುತ್ತದೆ. ದಪ್ಪಗಾದ ಉಗುರಿನಲ್ಲಿ ಅದು ಕಾಣದಿದ್ದರೆ ಬಿಟ್ಟುಬಿಡಿ, ಅದನ್ನು ಡಾಕ್ಟರ್ ಹತ್ತಿರವೇ ಮಾಡಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಅಥವಾ ಮೈದಾ ಒತ್ತಿ ಹಿಡಿಯಿರಿ, ಸಾಮಾನ್ಯವಾಗಿ ಐದು ನಿಮಿಷದೊಳಗೆ ನಿಲ್ಲುತ್ತದೆ.

ಬಾಲ ಬಡಿಯಲು ಶುರು ಮಾಡಿತೋ, ಅವತ್ತಿಗೆ ಅಲ್ಲಿಗೇ ನಿಲ್ಲಿಸಿ.

ಹಾಸುಹೊಕ್ಕು, ಇಳಕಲ್

ಮೂರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ. ಡಾಕ್ಟರ್ ಉಗುರು ಕತ್ತರಿಸಿ, ಒಳಗಿನ ಚೂರು ಎಳೆದು ತೆಗೆದು, ಗಾಯ ತೊಳೆದು ಔಷಧ ಕೊಟ್ಟರು. ಎರಡು ದಿನಕ್ಕೆ ಕಾಲು ಪೂರ್ತಿ ಊರಿತು. ಅವತ್ತೇ ಲಸಿಕೆಯೂ ಆಯಿತು. ಮಗನಿಗೆ ಸರಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸುತ್ತಿದ್ದೇವೆ.

ಮನೆಯಲ್ಲಿ ಈವರೆಗೆ ಆರು ಉಗುರು ಆಗಿವೆ. ಮಧ್ಯಾಹ್ನ ಮಗ್ಗ ನಿಲ್ಲಿಸಿದಾಗ ತೊಡೆ ಮೇಲೆ ಮಲಗುತ್ತದೆ, ಆಗ ಒಂದು. ನಾನೊಬ್ಬಳೇ ಮಾಡುತ್ತೇನೆ, ಯಾರೂ ಹಿಡಿಯುವುದಿಲ್ಲ. ಹಾಸಿನ ಎಳೆ ಈ ವಾರ ಒಂದೂ ಹರಿದಿಲ್ಲ. ಕೆರೆಯಲಿ ಅಂತ ಕಂಬಕ್ಕೆ ಗೋಣಿಚೀಲ ಸುತ್ತಿದ್ದೇನೆ, ಆದರೆ ಹತ್ತಿರವೂ ಹೋಗುತ್ತಿಲ್ಲ. ಹಿಂಗಾಲಿನದೂ ಕತ್ತರಿಸಬೇಕಾ?

ಶಹಾಪುರದ ಅಕ್ಕ, ಬೆಳಗಾವಿ

ಹಿಂಗಾಲಿನದು ಎಲ್ಲಿಯೂ ಸಿಕ್ಕಿಕೊಳ್ಳದಿದ್ದರೆ ಈಗ ಬೇಡ, ನೋಡುತ್ತಿರಿ ಸಾಕು. ಮುಂದಿನ ಎರಡೂ ಹೆಬ್ಬೆರಳನ್ನು ಮಾತ್ರ ಎರಡು ವಾರಕ್ಕೊಮ್ಮೆ ತಪ್ಪದೆ ನೋಡಿ.

ಮುದಿ ಬೆಕ್ಕಿಗೆ ಕೀಲು ನೋವು ಇರುತ್ತದೆ. ಕಂಬಕ್ಕೆ ಮೈ ಚಾಚಿ ನಿಂತು ಕೆರೆಯಲು ಆಗುವುದಿಲ್ಲ. ಗೋಣಿ ಬಿಚ್ಚಿ ಒಂದು ಹಲಗೆಗೆ ಬಿಗಿಯಾಗಿ ಸುತ್ತಿ, ಅದು ಮಲಗುವ ಜಾಗದ ಪಕ್ಕ ನೆಲದ ಮೇಲೆ ಅಡ್ಡ ಇಡಿ. ನಿದ್ದೆಯಿಂದ ಎದ್ದ ತಕ್ಷಣ ಬೆಕ್ಕು ಮೈ ಮುರಿದು ಕೆರೆಯುತ್ತದೆ, ಆಗ ಕಾಲ ಬುಡದಲ್ಲೇ ಸಿಗಬೇಕು.