ಸಂಗೀತ ಪತ್ರಿಕೆಗಳು ನಿಂತುಹೋಗಲು ಅಂತರ್ಜಾಲವೊಂದೇ ಕಾರಣವೇ?

ಪ್ರಶ್ನೆ – ಸ್ವರಾಸಕ್ತ

1926ರಲ್ಲಿ ಆರಂಭವಾದ ಬ್ರಿಟನ್ನಿನ ‘ಮೆಲೊಡಿ ಮೇಕರ್’ 2000ದಲ್ಲಿ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’, ಅಂದರೆ ‘ಎನ್‌ಎಂಇ’ಯೊಂದಿಗೆ ವಿಲೀನಗೊಂಡಿತು. ‘ಸ್ಮ್ಯಾಶ್ ಹಿಟ್ಸ್’ 2006ರಲ್ಲಿ ನಿಂತಿತು. 1952ರಿಂದ ಬರುತ್ತಿದ್ದ ‘ಎನ್‌ಎಂಇ’ ವಾರಪತ್ರಿಕೆಯ ಮುದ್ರಣ 2018ರಲ್ಲಿ, ‘ಕ್ಯೂ’ ಮಾಸಿಕ 2020ರಲ್ಲಿ ಕೊನೆಗೊಂಡವು. ಇದೆಲ್ಲ ಅಂತರ್ಜಾಲದ ಪರಿಣಾಮ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ರೂಢಿಯಾಗಿದೆ. ಸಂಗೀತದ ಬಗ್ಗೆ ಓದುವ ಆಸಕ್ತಿಯೇ ಕುಂದಿತೇ, ಅಥವಾ ಪತ್ರಿಕೆಗಳನ್ನು ಪೋಷಿಸುತ್ತಿದ್ದ ಆದಾಯ ಬತ್ತಿತೇ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ – ಹಳೆಯ ಚಂದಾದಾರ

ಆದಾಯ ಬತ್ತಿತು ಎಂಬುದೇ ನನ್ನ ಅಭಿಪ್ರಾಯ. ಹೊಸ ಧ್ವನಿಮುದ್ರಿಕೆಗಳ ಸುದ್ದಿ, ಕಛೇರಿಗಳ ದಿನಾಂಕ, ಮಾರಾಟದ ಪಟ್ಟಿ, ವಾದ್ಯವೃಂದಕ್ಕೆ ಜೊತೆಗಾರರು ಬೇಕೆಂಬ ವರ್ಗೀಕೃತ ಜಾಹೀರಾತು, ವಿಮರ್ಶೆ, ಇವೆಲ್ಲವೂ ಒಂದೇ ಸಂಚಿಕೆಯಲ್ಲಿ ಸಿಗುತ್ತಿದ್ದುದರಿಂದ ಜನ ಹಣ ಕೊಟ್ಟು ಕೊಳ್ಳುತ್ತಿದ್ದರು. ಬ್ರಿಟನ್ನಿನ ಮೊದಲ ಸಿಂಗಲ್ಸ್ (ಬಿಡಿ ಹಾಡುಗಳ ಮುದ್ರಿಕೆ) ಮಾರಾಟದ ಪಟ್ಟಿಯನ್ನು 1952ರಲ್ಲಿ ಪ್ರಕಟಿಸಿದ್ದು ‘ಎನ್‌ಎಂಇ’ಯೇ ಎಂಬುದನ್ನು ನೆನೆದರೆ ಆ ಪುಟಗಳಿಗಿದ್ದ ಬೆಲೆ ತಿಳಿಯುತ್ತದೆ. ಅಂತರ್ಜಾಲ ಇವನ್ನು ಒಂದೊಂದಾಗಿ ಬೇರ್ಪಡಿಸಿ ಉಚಿತವಾಗಿ ಕೊಟ್ಟಿತು. ವಿಮರ್ಶೆಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು: ಆಲ್ಬಮ್ ಕೇಳುವ ಮೊದಲೇ ಅದನ್ನು ಕೊಳ್ಳಬೇಕಿದ್ದ ಕಾಲದಲ್ಲಿ ವಿಮರ್ಶಕನ ಮಾತನ್ನು ನಂಬಿ ಕೇಳುಗ ದುಡ್ಡು ಹಾಕುತ್ತಿದ್ದ, ಆದರೆ ಯೂಟ್ಯೂಬ್, ಸ್ಪಾಟಿಫೈಗಳು ಬಂದ ಮೇಲೆ ಕೇಳಿ ನೋಡುವುದಕ್ಕೆ ಯಾರ ಶಿಫಾರಸೂ ಬೇಕಾಗಲಿಲ್ಲ.

ಓದುಗರು ಇರಲಿಲ್ಲ ಎಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ‘ಎನ್‌ಎಂಇ’ ಉಚಿತವಾದಾಗ ವಾರಕ್ಕೆ ಸುಮಾರು ಮೂರು ಲಕ್ಷ ಪ್ರತಿಗಳು ಹಂಚಿಕೆಯಾಗುತ್ತಿದ್ದವು. ಅಷ್ಟು ಪ್ರಸಾರವಿದ್ದರೂ ಜಾಹೀರಾತೊಂದನ್ನೇ ನೆಚ್ಚಿಕೊಂಡು ಮುದ್ರಣದ ವೆಚ್ಚವನ್ನು ತೂಗಿಸಲು ಆಗಲಿಲ್ಲ.

ಉತ್ತರ – ಶ್ರುತಿಪ್ರಿಯ

ಮೇಲಿನ ವಿವರಣೆಗೆ ಒಂದು ಮಾತು ಸೇರಿಸಬೇಕು. ಕಾಗದವನ್ನು ಬಿಟ್ಟು ಜಾಲತಾಣವಾಗಿಯೇ ಹುಟ್ಟಿದವುಗಳಿಗೂ ಇದೇ ಸಂಕಟ ಎದುರಾಗಿದೆ. 1996ರಲ್ಲಿ ಆರಂಭವಾಗಿ ಅಂತರ್ಜಾಲದ ಸಂಗೀತ ವಿಮರ್ಶೆಗೆ ಮಾದರಿಯೆನಿಸಿದ್ದ ‘ಪಿಚ್‌ಫೋರ್ಕ್’ ಅನ್ನು 2024ರ ಜನವರಿಯಲ್ಲಿ ಅದರ ಒಡೆತನ ಹೊಂದಿರುವ ಸಂಸ್ಥೆಯು ಪುರುಷರ ಫ್ಯಾಶನ್ ಪತ್ರಿಕೆಯಾದ ‘ಜಿಕ್ಯೂ’ವಿನ ಅಡಿಗೆ ತಂದು, ಹಲವು ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು.

ಉತ್ತರ – ಮಂದ್ರ

ಉಳಿದುಕೊಂಡವುಗಳನ್ನೂ ನೋಡೋಣ. ಶಾಸ್ತ್ರೀಯ ಸಂಗೀತಕ್ಕೆ ಮೀಸಲಾದ ‘ಗ್ರಾಮಫೋನ್’ 1923ರಿಂದ, ಪ್ರಯೋಗಶೀಲ ಸಂಗೀತದ ‘ದಿ ವೈರ್’ 1982ರಿಂದ ಬರುತ್ತಿವೆ. ಎರಡನೆಯದಕ್ಕೆ ಅದರ ಸಿಬ್ಬಂದಿಯೇ ಒಡೆಯರು. ಎಲ್ಲರನ್ನೂ ಮೆಚ್ಚಿಸಲು ಹೋಗದೆ, ಒಂದು ಬಗೆಯ ಸಂಗೀತವನ್ನು ಆಳವಾಗಿ ಬಲ್ಲ ಚಂದಾದಾರರನ್ನು ನಂಬಿದ್ದರಿಂದ ಅವು ಬದುಕಿವೆ ಎಂದು ನನಗನ್ನಿಸುತ್ತದೆ. ಇಂಥ ಪತ್ರಿಕೆಯ ಪುಟ ತಿರುವುವಾಗ ನಾವು ಹುಡುಕಿರದ, ಹೆಸರೂ ಕೇಳಿರದ ಕಲಾವಿದರು ಎದುರಾಗುತ್ತಾರೆ. ನಮ್ಮ ಹಳೆಯ ಆಯ್ಕೆಗಳನ್ನೇ ಆಧರಿಸಿ ಹಾಡು ಸೂಚಿಸುವ ಯಂತ್ರಗಳಿಂದ ಆ ಭಾಗ್ಯ ಸಿಗುವುದು ಅಪರೂಪ.

ಪ್ರಶ್ನಿಸಿದವರು – ಸ್ವರಾಸಕ್ತ

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ಬರಹಗಳ ಸಂರಕ್ಷಣೆಯ ಬಗ್ಗೆಯೂ ನನಗೆ ಕಳವಳವಿದೆ. 2024ರ ಜೂನ್‌ನಲ್ಲಿ ಸಂಗೀತ ವಾಹಿನಿ ಎಂಟಿವಿಯ ಸುದ್ದಿ ವಿಭಾಗವಾದ ‘ಎಂಟಿವಿ ನ್ಯೂಸ್’ನ ಜಾಲತಾಣವನ್ನು ತೆಗೆದುಹಾಕಿದಾಗ ಎರಡು ದಶಕಗಳಿಗೂ ಹೆಚ್ಚು ಕಾಲದ ಸಂದರ್ಶನ, ವರದಿಗಳು ಮೂಲ ವಿಳಾಸದಲ್ಲಿ ಸಿಗದಂತಾದವು. ಹಳೆಯ ಜಾಲಪುಟಗಳನ್ನು ಉಳಿಸಿಡುವ ‘ಇಂಟರ್ನೆಟ್ ಆರ್ಕೈವ್’ನವರು ಅವುಗಳಲ್ಲಿ ಅನೇಕವನ್ನು ಹುಡುಕಲು ಬರುವಂತೆ ಒದಗಿಸಿದರು. ಹಳೆಯ ಸಂಚಿಕೆಗಳನ್ನು ಇಟ್ಟುಕೊಂಡಿರುವವರು ದಯವಿಟ್ಟು ಅವನ್ನು ರದ್ದಿಗೆ ಹಾಕದೆ, ಸ್ವೀಕರಿಸುವ ಗ್ರಂಥಾಲಯವಿದ್ದರೆ ಅಲ್ಲಿಗೆ ತಲುಪಿಸಬೇಕು.